ಭೂಗೋಳ ಬೇಡವೆನ್ನುವ ಮುನ್ನ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮನೆಗಳಲ್ಲಿ ಪ್ರತಿವರ್ಷ ಒಂದೇ ಚರ್ಚೆ. ಅಂಕ ಹೆಚ್ಚು ಬಂದರೆ ವಿಜ್ಞಾನ, ಸಾಧಾರಣವಾದರೆ ವಾಣಿಜ್ಯ, ಎರಡಕ್ಕೂ ಸಲ್ಲದವರಿಗೆ ಕಲಾ ವಿಭಾಗ. ಸಮಾಜ ವಿಜ್ಞಾನದಲ್ಲಿ ಉತ್ತಮ ಅಂಕ ಗಳಿಸಿದ ಮಗಳು ಪಿಯುಸಿಯಲ್ಲಿ ಭೂಗೋಳ ಓದುತ್ತೇನೆಂದರೆ, ‘ಅದನ್ನು ಓದಿ ಯಾರು ಉದ್ಧಾರವಾಗಿದ್ದಾರೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ಹಾಗೆ ಕೇಳುವ ತಂದೆ ದಿನಕ್ಕೆ ಐದು ಬಾರಿ ಭೂಗೋಳದ ಒಂದು ಪ್ರಶ್ನೆಗೆ ಉತ್ತರಿಸಿಯೇ ನಮಾಝಿಗೆ ನಿಲ್ಲುತ್ತಾರೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಈ ಮನೋಭಾವ ಬೆಳೆದುದರಲ್ಲಿ ನಮ್ಮಂತಹ ಪತ್ರಿಕೆಗಳ ಪಾಲೂ ಇದೆ. ವೈದ್ಯಕೀಯ, ಇಂಜಿನಿಯರಿಂಗ್ ಸೀಟು ಪಡೆದವರ ಭಾವಚಿತ್ರಗಳನ್ನು ಅಭಿಮಾನದಿಂದ ಪ್ರಕಟಿಸುವ ನಾವು, ಭೂಗೋಳದಲ್ಲಿ ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿನಿಯನ್ನು ಹುಡುಕಿಕೊಂಡು ಹೋದವರಲ್ಲ.

ಕಿಬ್ಲಾ ಯಾವ ದಿಕ್ಕಿನಲ್ಲಿದೆ ಎಂದು ನಮ್ಮ ಮಕ್ಕಳನ್ನು ಕೇಳಿದರೆ ‘ಪಶ್ಚಿಮ’ ಎನ್ನುತ್ತಾರೆ. ವಾಸ್ತವದಲ್ಲಿ ಮಂಗಳೂರಿನಿಂದಲೂ ಬೆಂಗಳೂರಿನಿಂದಲೂ ಅದು ಪಶ್ಚಿಮದಿಂದ ಸುಮಾರು 19 ಡಿಗ್ರಿ ಉತ್ತರಕ್ಕಿದೆ. ಎರಡೂ ನಗರಗಳು ಬಹುತೇಕ ಒಂದೇ ಅಕ್ಷಾಂಶದಲ್ಲಿದ್ದರೂ ಬೆಂಗಳೂರಿನಲ್ಲಿ ಮಗ್ರಿಬ್ ಸುಮಾರು 11 ನಿಮಿಷ ಮೊದಲೇ ಆಗುತ್ತದೆ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಬಲ್ಲವರಿಗೆ ಇದರ ಕಾರಣ ತಕ್ಷಣ ಹೊಳೆಯುತ್ತದೆ. ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದುವ ನಾವು ಅದರ ಹಿಂದಿರುವ ವಿದ್ಯೆಯನ್ನು ಕೈಬಿಟ್ಟಿದ್ದೇವೆ. ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಆ ಕರೆಗೆ ಓಗೊಟ್ಟವರ ಪೈಕಿ ಅಲ್ ಬೀರೂನಿ ಹನ್ನೊಂದನೆಯ ಶತಮಾನದಲ್ಲಿ ನಂದನಾ ಕೋಟೆಯ ಬಳಿಯ ಬೆಟ್ಟವನ್ನೇರಿ ಭೂಮಿಯ ತ್ರಿಜ್ಯವನ್ನು ಲೆಕ್ಕಹಾಕಿದರು. ಅಲ್ ಇದ್ರೀಸಿ 1154ರಲ್ಲಿ ಸಿಸಿಲಿಯ ದೊರೆಗಾಗಿ ಜಗತ್ತಿನ ನಕ್ಷೆಯನ್ನು ಪೂರೈಸಿದರು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಇಬ್ನು ಬತೂತಾ, ಅಲ್ಲಿ ಬಾಲಕಿಯರಿಗೆ 13 ಮತ್ತು ಬಾಲಕರಿಗೆ 23 ಶಾಲೆಗಳಿದ್ದುದನ್ನು ದಾಖಲಿಸಿದ್ದಾರೆ. ಮಗಳ ಓದಿಗೆ ಅಡ್ಡ ಬರುವವರು ಈ ಮಾತನ್ನು ನೆನಪಿಡುವುದೊಳ್ಳೆಯದು.

ಇನ್ನು ಪ್ರಯೋಜನದ ಮಾತು. ಐಎಎಸ್ ಅಧಿಕಾರಿಗಳಲ್ಲಿ ಮುಸ್ಲಿಮರ ಪಾಲು ಕೇವಲ ಶೇ. 3 ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಆ ವರದಿಯನ್ನು ವೇದಿಕೆಗಳಲ್ಲಿ ಉಲ್ಲೇಖಿಸಿ ಮರುಗುವವರು, ಅದೇ ನಾಗರಿಕ ಸೇವಾ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿ ಭೂಗೋಳವೂ ಸೇರಿದೆ, ಐಚ್ಛಿಕ ವಿಷಯವಾಗಿಯೂ ಅದನ್ನು ಆಯ್ದುಕೊಳ್ಳಬಹುದು ಎಂಬುದನ್ನು ಮಕ್ಕಳಿಗೆ ಹೇಳುವುದಿಲ್ಲ.

ಪರೀಕ್ಷೆಗೂ ಪಿಯು ತರಗತಿಯ ಆರಂಭಕ್ಕೂ ನಡುವೆ ಸುಮಾರು ಎರಡು ತಿಂಗಳು ಸಿಗುತ್ತವೆ. ಮದುವೆ, ಮೊಬೈಲು, ನೆಂಟರ ಮನೆ ಎನ್ನುವಷ್ಟರಲ್ಲಿ ಅದು ಕರಗಿ ಹೋಗುತ್ತದೆ. ಭೂಗೋಳ ಆಯ್ದುಕೊಳ್ಳುವವರು ಮೊದಲು ಮಾಡಬೇಕಾದುದು, ತಮ್ಮ ಊರಿನ ಯಾವ ಕಾಲೇಜಿನಲ್ಲಿ ಆ ವಿಷಯವಿದೆ ಎಂದು ವಿಚಾರಿಸುವುದು. ಎಲ್ಲೆಡೆ ಅದಿಲ್ಲ. ಪಠ್ಯವನ್ನು ಮುಂಚಿತವಾಗಿ ಬಾಯಿಪಾಠ ಮಾಡಿಸುವ ಟ್ಯೂಷನ್ ಬೇಕಿಲ್ಲ. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ, ತಿರುವಿ ನೋಡಿದರೆ ಸಾಕು. ಹೊಸಬರು ಎಡವುವುದು ನಕ್ಷೆಯ ಪ್ರಮಾಣ ಮತ್ತು ಸಮೋನ್ನತಿ ರೇಖೆಗಳಲ್ಲಿ. ಅವೆರಡನ್ನು ರಜೆಯಲ್ಲೇ ಕಲಿತರೆ ಮುಂದಿನ ದಾರಿ ಅರ್ಧ ಸುಗಮ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯಲ್ಲಿ ಎರಡು ಸೆಂ.ಮೀ. ಎಂದರೆ ನೆಲದ ಮೇಲೆ ಒಂದು ಕಿ.ಮೀ. ತಮ್ಮ ತಾಲೂಕಿನ ಹಾಳೆಯನ್ನು ಮುಂದಿಟ್ಟುಕೊಂಡು ಹಳ್ಳ, ಕೆರೆ, ಗುಡ್ಡಗಳನ್ನು ಗುರುತಿಸಲಿ.

ಬಳಿಕ ತಮ್ಮ ಮೊಹಲ್ಲಾದ ನಕ್ಷೆಯನ್ನು ತಾವೇ ಬರೆಯಲಿ. ಹೆಜ್ಜೆ ಎಣಿಸಿ ಬೀದಿಗಳನ್ನು ಅಳೆಯಲಿ. ಮುಂಗಾರುಪೂರ್ವ ಮಳೆ ಬಿದ್ದ ದಿನ ಚರಂಡಿಯ ನೀರು ಎತ್ತ ಹರಿಯಿತು, ಎಲ್ಲಿ ನಿಂತಿತು, ಯಾರ ಮನೆಯ ಹೊಸ್ತಿಲು ದಾಟಿತು ಎಂದು ಗುರುತು ಹಾಕಲಿ. ನಮ್ಮ ಅನೇಕ ಬಡಾವಣೆಗಳು ಪಟ್ಟಣದ ತಗ್ಗಿನಲ್ಲಿವೆ. ಪ್ರತಿ ಮಳೆಗಾಲದಲ್ಲಿ ನಾವು ಪುರಸಭೆಗೆ ಮನವಿ ಸಲ್ಲಿಸುತ್ತೇವೆ, ಆದರೆ ನೀರು ನಿಲ್ಲುವ ಜಾಗವನ್ನು ತೋರಿಸುವ ಒಂದು ಹಾಳೆಯೂ ಅದರೊಂದಿಗಿರುವುದಿಲ್ಲ. ವಾರ್ಡ್ ಪುನರ್ವಿಂಗಡಣೆಯ ಕರಡು ಪ್ರಕಟವಾದಾಗಲೂ ಇದೇ ಕಥೆ. ಆಕ್ಷೇಪಣೆಗೆ ಅವಕಾಶವಿರುವ ದಿನಗಳಲ್ಲಿ ಗಡಿಯ ವಿವರವನ್ನು ಓದಿ ಅರ್ಥಮಾಡಿಕೊಳ್ಳುವವರಿಲ್ಲ. ಮೊಹಲ್ಲಾ ಎರಡು ಹೋಳಾದ ಮೇಲೆ ಪಿತೂರಿಯೆಂದು ಕೂಗುತ್ತೇವೆ. ಕೆಲವೊಮ್ಮೆ ಪಿತೂರಿ ನಿಜವೂ ಇರಬಹುದು. ಅದನ್ನು ಸಾಧಿಸಿ ತೋರಿಸಲು ಬೇಕಾದುದು ನಕ್ಷೆ.

ಈ ರಜೆಯಲ್ಲಿ ಸೂರ್ಯನೂ ಪಾಠ ಹೇಳುತ್ತಾನೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಮಂಗಳೂರಿನ ನಡುಮಧ್ಯಾಹ್ನ, ನೇರ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ದಿನ ಕಲಬುರಗಿಯ ನಡುಮಧ್ಯಾಹ್ನ ಒಂದು ಮೀಟರಿನ ಕೋಲಿಗೆ ಸುಮಾರು 8 ಸೆಂ.ಮೀ. ನೆರಳು ಇರುತ್ತದೆ. ಎರಡೂ ಊರಿನ ನೆಂಟರ ಮಕ್ಕಳು ಫೋನಿನಲ್ಲಿ ಮಾತಾಡಿಕೊಂಡು ಅಳೆದರೆ ಸುಮಾರು 4.4 ಡಿಗ್ರಿಯ ಕೋನ ಸಿಗುತ್ತದೆ. ಅಟ್ಲಾಸಿನಲ್ಲಿ ಉತ್ತರ-ದಕ್ಷಿಣವಾಗಿ ಅಳೆದರೆ ಅಂತರ ಸುಮಾರು 490 ಕಿ.ಮೀ. ಇಡೀ ವೃತ್ತದ 360 ಡಿಗ್ರಿಗೆ ಎಷ್ಟೆಂದು ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ.ಗೆ ತೀರ ಸಮೀಪ ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಖಲೀಫಾ ಮಾಮೂನರ ವಿದ್ವಾಂಸರು ಸಿಂಜಾರಿನ ಬಯಲಿನಲ್ಲಿ ಒಂದು ಡಿಗ್ರಿಯ ಉದ್ದವನ್ನು ಅಳೆದುದು ಇದೇ ಉದ್ದೇಶಕ್ಕೆ.

ಮೇ 28ರಂದು ಮಧ್ಯಾಹ್ನ ನಮ್ಮ ಗಡಿಯಾರದ 2 ಗಂಟೆ 48 ನಿಮಿಷಕ್ಕೆ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಮೋಡವಿಲ್ಲದಿದ್ದರೆ ಆ ಹೊತ್ತಿಗೆ ಮಕ್ಕಳನ್ನು ಅಂಗಳಕ್ಕೋ ತಾರಸಿಗೋ ಕರೆದು ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ನೆರಳಿನ ತುದಿಯಿಂದ ಕೋಲಿನ ಬುಡದತ್ತ ಗೆರೆ ಎಳೆದರೆ ಅದು ಕಿಬ್ಲಾದ ದಿಕ್ಕು. ತಂದೆಯೂ ಜೊತೆಯಲ್ಲಿ ನಿಲ್ಲಲಿ, ಗೆರೆಯನ್ನು ಮಾತ್ರ ಮಗಳೇ ಎಳೆಯಲಿ.