ಕೈತೋಟಕ್ಕೆ ಆ್ಯಪ್ ಬರಲಿ, ಹೆಬ್ಬೆಟ್ಟು ಮಾತ್ರ ಕೇಳದಿರಲಿ

ಊರಿಗೊಂದು ಸಾಮೂಹಿಕ ಕೈತೋಟ, ಅದನ್ನು ನಡೆಸಲು ಒಂದು ಆ್ಯಪ್, ಬೆಳೆದದ್ದು ಎಲ್ಲರಿಗೂ ಹಂಚಿಕೆ. ನಗರದಲ್ಲಿ ಕೇಳಿಬರುವ ಈ ಆಲೋಚನೆ ನಮ್ಮ ಹಂದನಕೆರೆಗೂ ಬೇಕು. ತೋಟ ಇದ್ದವರ ಮನೆಯಲ್ಲಿ ಬಾಳೆ, ನುಗ್ಗೆ, ಕರಿಬೇವಿಗೆ ಬರವಿಲ್ಲ. ಅದೇ ತೋಟದಲ್ಲಿ ಕಾಯಿ ಸುಲಿಯುವವರು ಮಾತ್ರ ಸಂತೆಯಲ್ಲಿ ದುಡ್ಡು ಕೊಟ್ಟು ಸೊಪ್ಪು ತರಬೇಕು.

ಆದರೆ ಆ್ಯಪ್ ಮಾಡುವವರು ಮೊದಲು ಒಂದು ವಿಷಯ ಗಮನಿಸಲಿ. ಅನ್ನದ ದಾರಿಯಲ್ಲಿ ಈಗಾಗಲೇ ಸಾಕಷ್ಟು ಯಂತ್ರಗಳು ನಿಂತಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು. ನರೇಗಾ ಕೆಲಸದ ಜಾಗದಲ್ಲಿ 2023ರ ಜನವರಿಯಿಂದ ಮೊಬೈಲ್ ಹಾಜರಾತಿ ಕಡ್ಡಾಯವಾಯಿತು, ದಿನಕ್ಕೆ ಎರಡು ಫೋಟೊ. ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈಯಿಂದ ಪೋಷಣ್ ಟ್ರ್ಯಾಕರ್‌ನಲ್ಲಿ ಮುಖ ತೋರಿಸಬೇಕು. ಎಲ್ಲವೂ ಕೇಳುವುದು ಒಂದೇ ಪ್ರಶ್ನೆ: ನೀನು ಯಾರು? ದುಡಿದು ಬೆರಳಿನ ಗೆರೆ ಸವೆದ ಅಜ್ಜಿಗೆ, ನೆಟ್‌ವರ್ಕ್ ಸಿಗದ ಹಟ್ಟಿಯವರಿಗೆ ಈ ಪ್ರಶ್ನೆಯೇ ಗೋಡೆ.

ಆಧಾರ್ ಇಲ್ಲ, ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 27ನೇ ಸೆಕ್ಷನ್ ಪಡಿತರದ ದಾಖಲೆಗಳನ್ನು ಜನರ ಮುಂದೆ ತೆರೆದಿಡಬೇಕು ಎನ್ನುತ್ತದೆ. ಅಂದರೆ ಲೆಕ್ಕ ಕೊಡಬೇಕಾದವರು ಉಣ್ಣುವವರಲ್ಲ, ಹಂಚುವವರು. ನಮಗೆ ಬೇಕಾದ ಆ್ಯಪ್ ಹೀಗೆ ತಿರುಗಿ ನಿಲ್ಲಬೇಕು.

ಅದರಲ್ಲಿ ಏನಿರಬೇಕು? ಈ ತಿಂಗಳು ಅಂಗಡಿಗೆ ಎಷ್ಟು ಅಕ್ಕಿ, ಎಷ್ಟು ರಾಗಿ ಬಂತು, ಯಾವ ದಿನ ಬಾಗಿಲು ತೆಗೆಯುತ್ತಾರೆ. ಕೈತೋಟಕ್ಕೆ ಇವತ್ತು ನೀರು ಬಿಡುವ ಸರದಿ ಯಾರದು, ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ. ಯಾವ ಮಡಿಯ ಸೊಪ್ಪು ಕೊಯ್ಲಿಗೆ ಬಂದಿದೆ. ಓದಲು ಬಾರದವರಿಗೆ ಕನ್ನಡದಲ್ಲೇ ಓದಿ ಹೇಳಬೇಕು. ನೆಟ್‌ವರ್ಕ್ ಇಲ್ಲದಾಗಲೂ ತೆರೆಯಬೇಕು. ಸೊಪ್ಪು ಒಯ್ಯುವವರ ಹೆಸರು, ಜಾತಿ, ಆಧಾರ್ ಯಾವುದನ್ನೂ ಕೇಳಬಾರದು.

ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ ಎಂದು ಕೇಂದ್ರ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಆದರೆ ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು? ಆ್ಯಪ್‌ನ ಸರದಿ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿ. ಸರದಿ ಹಿಡಿದವರಿಗೆ ಸೊಪ್ಪಿನಲ್ಲಿ ಪಾಲು ಇದ್ದರೆ ಬೇಸಿಗೆಯಲ್ಲೂ ಮಡಿ ಒಣಗುವುದಿಲ್ಲ.

ಇನ್ನು ಜಾಗದ ಮಾತು. ಯಾರದೋ ಮನೆ ಹಿತ್ತಲಲ್ಲಿ, ದೇವಸ್ಥಾನದ ಮಗ್ಗುಲಲ್ಲಿ ತೋಟ ಮಾಡಿದರೆ ಕಾಲೋನಿಯವರು ಎಷ್ಟು ಜನ ಒಳಗೆ ಕಾಲಿಡುತ್ತಾರೆ? ಅದನ್ನು ಯಾವ ಆ್ಯಪೂ ಸರಿಪಡಿಸಲಾರದು. ಎಲ್ಲರೂ ಅಳುಕಿಲ್ಲದೆ ಬರುವ ಜಾಗವನ್ನು ಊರೇ ಕೂತು ಗೊತ್ತು ಮಾಡಬೇಕು.

ಇಷ್ಟಕ್ಕೆ ಬೋರ್ಡ್ ಸಾಲದೇ ಎಂದು ಕೇಳಬಹುದು. ಬೋರ್ಡೂ ಬೇಕು. ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೂ ಅದು ಹೆಚ್ಚಾಗಿ ಮಗನ ಜೇಬಿನಲ್ಲಿರುತ್ತದೆ. ಫೋನಿನಲ್ಲಿ ಬಂದದ್ದು ಪಂಚಾಯ್ತಿ ಗೋಡೆಯ ಮೇಲೂ ಬರಲಿ. ಇದರ ಉಸ್ತುವಾರಿ ಮಹಿಳಾ ಸಂಘದ ಕೈಯಲ್ಲಿರಲಿ, ಬೆಂಗಳೂರಿನ ಕಂಪನಿಯ ಕೈಯಲ್ಲಲ್ಲ.

ಮುಂದಿನ ವಾರ್ಡ್ ಸಭೆಗೆ ಹೋದಾಗ ಎರಡೇ ಪ್ರಶ್ನೆ ಕೇಳಿ. ನಮ್ಮ ಅಂಗಡಿಯ ಈ ತಿಂಗಳ ದಾಸ್ತಾನು ಎಷ್ಟು? ಕೈತೋಟಕ್ಕೆ ಹತ್ತು ಗುಂಟೆ ಎಲ್ಲಿ ಕೊಡುತ್ತೀರಿ? ಇವಕ್ಕೆ ಉತ್ತರ ಸಿಕ್ಕರೆ ಆ್ಯಪ್ ಮಾಡುವುದು ದೊಡ್ಡ ಕೆಲಸವೇನಲ್ಲ.