ಕಟ್ಟಡದ ವ್ಯಾಜ್ಯಕ್ಕೆ ಯಾವ ವಕೀಲರು?

ಈಚೆಗೆ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿಸಿ ಹೊರಬರುತ್ತಿದ್ದಾಗ ಹೆತ್ತವರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಗಲ್ಫಿನ ದುಡಿಮೆಯ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಮನೆ ಕಟ್ಟಿಸಿದವರು ಅವರು. ಮೊದಲ ಮಳೆಗಾಲದಲ್ಲಿಯೇ ತಾರಸಿ ಸೋರತೊಡಗಿತ್ತು, ಗೋಡೆಗಳು ಬಿರುಕು ಬಿಟ್ಟಿದ್ದವು. ಗುತ್ತಿಗೆದಾರನು ಕೊನೆಯ ಕಂತಿನ ಹಣ ಪಡೆದ ಮೇಲೆ ಫೋನು ಎತ್ತುವುದನ್ನೇ ನಿಲ್ಲಿಸಿದ್ದನು. “ವಕೀಲರೇ, ಹೃದಯದ ಕಾಯಿಲೆಗೆ ಹೃದಯದ ಡಾಕ್ಟರು ಇದ್ದಾರೆ. ಹಾಗೆ ಕಟ್ಟಡದ ಕೇಸಿಗೆಂದೇ ವಕೀಲರು ಇರುತ್ತಾರೆಯೇ? ಬೋರ್ಡು ನೋಡಿದರೆ ಏನೂ ಗೊತ್ತಾಗುವುದಿಲ್ಲವಲ್ಲ?” ಎಂದು ಕೇಳಿದರು. ನಿಂತಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಬಂದೆ. ಆದರೆ ಆ ಪ್ರಶ್ನೆ ಅವರೊಬ್ಬರದಲ್ಲ. ಜೀವಮಾನದಲ್ಲಿ ಒಮ್ಮೆ ಮನೆ ಕಟ್ಟಿಸುವ ಪ್ರತಿಯೊಂದು ಕುಟುಂಬವೂ ಕೇಳಬೇಕಾದ ಪ್ರಶ್ನೆಯಾದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಬೋರ್ಡಿನಿಂದ ಏನೂ ತಿಳಿಯದಿರಲು ಕಾರಣವಿದೆ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮವು ನಮ್ಮ ವೃತ್ತಿಯಲ್ಲಿ ಜಾಹೀರಾತನ್ನು ನಿಷೇಧಿಸಿದೆ. ಇಂಥ ಬಗೆಯ ಕೆಲಸದಲ್ಲಿ ತಾನು ಪರಿಣತನೆಂದು ನಾಮಫಲಕದಲ್ಲಿ ಬರೆದುಕೊಳ್ಳುವುದಕ್ಕೂ ಅವಕಾಶವಿಲ್ಲ. 2008ರ ತಿದ್ದುಪಡಿಯ ಬಳಿಕ ವಕೀಲರು ತಮ್ಮ ಜಾಲತಾಣದಲ್ಲಿ ವಿದ್ಯಾರ್ಹತೆಯನ್ನೂ ಕಾರ್ಯಕ್ಷೇತ್ರವನ್ನೂ ನಮೂದಿಸಬಹುದು. ಆದರೆ ಅದು ಅವರೇ ಹೇಳಿಕೊಂಡ ಮಾತು, ಮೂರನೆಯವರು ಪರೀಕ್ಷಿಸಿ ನೀಡಿದ ಪ್ರಮಾಣವಲ್ಲ.

ಹಾಗೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೇ ನಮ್ಮ ದೇಶದಲ್ಲಿ ಇಲ್ಲ. 1961ರ ವಕೀಲರ ಕಾಯಿದೆಯು ಗುರುತಿಸುವುದು ಎರಡೇ ವರ್ಗಗಳನ್ನು: ಹಿರಿಯ ವಕೀಲರು ಮತ್ತು ಇತರ ವಕೀಲರು. ಹಿರಿಯರ ಪದವಿಯನ್ನು ಸುಪ್ರೀಂ ಕೋರ್ಟು ಅಥವಾ ಉಚ್ಚ ನ್ಯಾಯಾಲಯಗಳು ನೀಡುತ್ತವೆ. ಅದು ಒಟ್ಟು ಯೋಗ್ಯತೆಗೆ ಸಲ್ಲುವ ಗೌರವವೇ ಹೊರತು ಇಂಥ ವಿಷಯದ ತಜ್ಞರೆಂಬ ಮುದ್ರೆಯಲ್ಲ. ಸುಪ್ರೀಂ ಕೋರ್ಟಿನಲ್ಲಿ ‘ಅಡ್ವೊಕೇಟ್ ಆನ್ ರೆಕಾರ್ಡ್’ ಆಗಲು ಪ್ರತ್ಯೇಕ ಪರೀಕ್ಷೆಯುಂಟು. ಅದೂ ಆ ನ್ಯಾಯಾಲಯದಲ್ಲಿ ಪ್ರಕರಣ ಸಲ್ಲಿಸುವ ಅಧಿಕಾರಕ್ಕೆ ಸಂಬಂಧಿಸಿದ್ದು. ಎಲ್‌ಎಲ್‌.ಎಂ. ಎಂಬುದು ವ್ಯಾಸಂಗದ ಪದವಿ. ವೈದ್ಯರಾದರೆ ಎಂ.ಬಿ.ಬಿ.ಎಸ್. ಬಳಿಕ ಮೂಳೆಗೋ ಕಣ್ಣಿಗೋ ಬೇರೆಯೇ ತರಬೇತಿ ಪಡೆದು ಬರುತ್ತಾರೆ. ನಮ್ಮಲ್ಲಿ ಕಾನೂನು ಪದವಿ ಪಡೆದು, ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾದವರು ವಿಚ್ಛೇದನದಿಂದ ತೊಡಗಿ ಅಣೆಕಟ್ಟಿನ ಗುತ್ತಿಗೆಯವರೆಗೆ ಎಲ್ಲವನ್ನೂ ನಡೆಸಬಹುದು. ನನಗಿರುವ ಸನ್ನದೂ ಅಂಥದ್ದೇ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ವಕೀಲರ ಸಂಸ್ಥೆಯು ನಿರ್ಮಾಣ ಕಾನೂನಿಗೆಂದೇ ತಜ್ಞತೆಯ ಪ್ರಮಾಣಪತ್ರ ನೀಡುತ್ತದೆ. ಅದಕ್ಕೆ ಕನಿಷ್ಠ ಐದು ವರ್ಷಗಳ ವೃತ್ತಿ, ಆ ವಿಷಯದಲ್ಲಿ ಗಣನೀಯ ಅನುಭವ, ಸಹವೃತ್ತಿಯವರ ಗೋಪ್ಯ ಅಭಿಪ್ರಾಯ, ಲಿಖಿತ ಪರೀಕ್ಷೆ ಇವೆಲ್ಲವೂ ಬೇಕು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಟೆಕ್ಸಾಸಿನಲ್ಲಿಯೂ ಇಂಥ ವ್ಯವಸ್ಥೆಯಿದೆ. ಪ್ರಮಾಣಪತ್ರವಿದ್ದ ಮಾತ್ರಕ್ಕೆ ಗೆಲುವು ಖಚಿತವಲ್ಲ. ಆದರೆ ಕಕ್ಷಿದಾರನು ಬಾಗಿಲು ತಟ್ಟುವ ಮೊದಲೇ ಯಾರೋ ಒಬ್ಬರು ಆ ವಕೀಲರನ್ನು ತೂಗಿ ನೋಡಿರುತ್ತಾರೆ ಎಂಬ ಭರವಸೆ ಅಲ್ಲಿ ಸಿಗುತ್ತದೆ. ನಮ್ಮಲ್ಲಿ ಆ ತೂಗುವ ಕೆಲಸ ಕಕ್ಷಿದಾರನ ಪಾಲಿಗೇ ಬಂದಿದೆ.

ಕಟ್ಟಡದ ವ್ಯಾಜ್ಯದಲ್ಲಿ ಇದು ಏಕೆ ಅಷ್ಟು ಮುಖ್ಯ? ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ಇಂಥದೇ ಒಂದು ಸೋರುವ ಮನೆಯ ಪ್ರಕರಣ ನನ್ನ ಕೈಗೆ ಬಂತು. ಕರಾರುಪತ್ರವಿತ್ತು, ಹಣ ಕೊಟ್ಟ ದಾಖಲೆಯಿತ್ತು. ಆಸ್ತಿ ವಿಭಾಗದ ದಾವೆ ಬರೆದು ಪಳಗಿದ್ದ ನಾನು ಅದೇ ಧಾಟಿಯಲ್ಲಿ ದಾವಾಪತ್ರ ಬರೆದು ಸಲ್ಲಿಸಿದೆ. ಅಷ್ಟರಲ್ಲಿ ಮತ್ತೊಂದು ಮಳೆಗಾಲ ಹತ್ತಿರವಾಯಿತು. ಮನೆಯಲ್ಲಿ ವಯಸ್ಸಾದವರೂ ಮಕ್ಕಳೂ ಇದ್ದರು. ಪಾಪ, ಅವರು ಸಾಲ ಮಾಡಿ ತಾರಸಿ ಸರಿಪಡಿಸಿ, ಬಿರುಕುಗಳಿಗೆ ಗಾರೆ ಮೆತ್ತಿಸಿದರು. ದುರಸ್ತಿಗೆ ಮುನ್ನ ನ್ಯಾಯಾಲಯದಿಂದ ಕಮಿಷನರನ್ನು ನೇಮಿಸಿ, ಎಂಜಿನಿಯರರೊಂದಿಗೆ ಸ್ಥಳ ತನಿಖೆ ಮಾಡಿಸಬೇಕೆಂದು ನಾನು ಹೇಳಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದಲ್ಲಿ ಅದಕ್ಕೆ ದಾರಿಯಿತ್ತು. ನಾನು ಅದನ್ನು ಓದಿದ್ದೆ, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಕೊನೆಗೆ ಕಮಿಷನರು ಬಂದಾಗ ನೋಡಲು ಬಿರುಕೇ ಇರಲಿಲ್ಲ. ದೋಷ ರುಜುವಾಗದೆ ದಾವೆ ವಜಾ ಆಯಿತು. ಮನೆಯವರು ನನ್ನನ್ನು ದೂರಲಿಲ್ಲ, ವಿಧಿಯನ್ನು ದೂರಿದರು. ತಪ್ಪು ವಿಧಿಯದಾಗಿರಲಿಲ್ಲ.

ಭೂಮಿಯ ಪತ್ರ ನೂರು ವರ್ಷ ಉಳಿಯುತ್ತದೆ, ಗೋಡೆಯ ಬಿರುಕು ಹಾಗೆ ಉಳಿಯುವುದಿಲ್ಲ. ಕಟ್ಟಡದ ವ್ಯಾಜ್ಯ ಹೆಚ್ಚಾಗಿ ಗೆಲ್ಲುವುದು ಅಥವಾ ಸೋಲುವುದು ಮೊದಲ ಕೆಲವು ವಾರಗಳಲ್ಲಿ, ಅಳತೆ ಮತ್ತು ಸಾಕ್ಷ್ಯದ ಮೇಲೆ. ಅದನ್ನು ನಡೆಸಿ ಪಳಗಿದವರು ಕಾನೂನಿನ ಪುಸ್ತಕಕ್ಕಿಂತ ಮೊದಲು ಎಂಜಿನಿಯರರನ್ನು ಕರೆಯುತ್ತಾರೆ.

ಯಾವ ಬಾಗಿಲಿಗೆ ಹೋಗಬೇಕೆಂಬುದೂ ಅಷ್ಟೇ ತೊಡಕಿನ ವಿಷಯ. ಸ್ವಂತ ಜಾಗದಲ್ಲಿ ಗುತ್ತಿಗೆದಾರನಿಂದ ಮನೆ ಕಟ್ಟಿಸಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನೆರವಾಗುತ್ತದೆ, ಏಕೆಂದರೆ ಮನೆ ನಿರ್ಮಾಣವೂ ಅದರಡಿಯಲ್ಲಿ ಒಂದು ಸೇವೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರನ್ನು ಜಿಲ್ಲಾ ಆಯೋಗದಲ್ಲಿ, ಅದೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ, ಸಲ್ಲಿಸಬಹುದು. ಅವಧಿ ಎರಡು ವರ್ಷ. ಸಿವಿಲ್ ನ್ಯಾಯಾಲಯಕ್ಕೆ ಹೋಗುವುದಾದರೆ ಕರಾರು ಉಲ್ಲಂಘನೆಗೆ ಮೂರು ವರ್ಷ. ನೋಂದಾಯಿತ ಯೋಜನೆಯಲ್ಲಿ ಫ್ಲ್ಯಾಟ್ ಕೊಂಡವರಿಗೆ 2016ರ ರಿಯಲ್ ಎಸ್ಟೇಟ್ ಕಾಯಿದೆ ಅನ್ವಯಿಸುತ್ತದೆ. ಸ್ವಾಧೀನ ಪಡೆದ ಐದು ವರ್ಷಗಳೊಳಗೆ ರಚನಾ ದೋಷವನ್ನು ತಿಳಿಸಿದರೆ ಕಟ್ಟಿದವರು ಮೂವತ್ತು ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೆ ಮತ್ತೊಂದು ಗಂಟು. ಸಿವಿಲ್ ದಾವೆ ಹೂಡಿದಾಗ ಎದುರುಪಕ್ಷವು ಆ ಷರತ್ತನ್ನು ತೋರಿಸಿ ಪ್ರಕರಣವನ್ನು ಮಧ್ಯಸ್ಥಿಕೆಗೆ ಒಯ್ಯಬಹುದು. ಗ್ರಾಹಕ ಆಯೋಗದ ಬಾಗಿಲು ಮಾತ್ರ ಅದರಿಂದ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಈ ಕವಲುದಾರಿಯಲ್ಲಿ ತಪ್ಪು ಹೆಜ್ಜೆ ಇಟ್ಟವರು ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ವಕೀಲರೇ ತಪ್ಪಿದರೆ? 2024ರ ಮೇ 14ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪಿನಂತೆ ವಕೀಲರ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ದುರ್ನಡತೆಯಾದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ನಷ್ಟಕ್ಕೆ ಸಿವಿಲ್ ದಾವೆ ಹೂಡಬಹುದು. ಎರಡೂ ಸುಲಭದ ಹಾದಿಗಳಲ್ಲ. ಆದುದರಿಂದ ವಕಾಲತ್ತಿಗೆ ಸಹಿ ಹಾಕುವ ಮುನ್ನವೇ ವಿಚಾರಿಸುವುದು ಲೇಸು.

ಏನನ್ನು ವಿಚಾರಿಸಬೇಕು? ಇಂಥ ಕಟ್ಟಡದ ಪ್ರಕರಣಗಳನ್ನು ಈ ಹಿಂದೆ ನಡೆಸಿದ್ದೀರಾ, ಎಲ್ಲಿ ನಡೆಸಿದ್ದೀರಿ, ಅವು ಏನಾದವು ಎಂದು ಕೇಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದಲೇ ಪ್ರಕರಣಗಳನ್ನು ಹುಡುಕಬಹುದು, ಮನೆಯ ಕಾಲೇಜು ಮಕ್ಕಳು ಅದನ್ನು ಮಾಡಿಕೊಡಬಲ್ಲರು. ನನ್ನ ಪ್ರಕರಣ ಯಾವ ವೇದಿಕೆಗೆ ಸೇರಿದ್ದು, ಬೇರೆಡೆಗೆ ಏಕೆ ಅಲ್ಲ ಎಂದು ಕೇಳಿ. ಕೊನೆಯ ದಿನಾಂಕ ಯಾವುದೆಂದು ಕೇಳಿ ಬರೆದುಕೊಳ್ಳಿ. ದೋಷವನ್ನು ಯಾರು ಅಳೆದು ವರದಿ ಕೊಡುತ್ತಾರೆ, ಅಲ್ಲಿಯವರೆಗೆ ದುರಸ್ತಿ ಮಾಡಿಸಬಹುದೇ ಎಂದು ಕೇಳಿ. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ಆ ದಾರಿಯಲ್ಲಿ ನಡೆದವರೇ ಆಗಿರುತ್ತಾರೆ. ಶುಲ್ಕವೆಷ್ಟು, ನ್ಯಾಯಾಲಯದಲ್ಲಿ ಹಾಜರಾಗುವವರು ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಇವನ್ನೆಲ್ಲ ಕೇಳಿದರೆ ವಕೀಲರು ಸಿಟ್ಟಾಗುತ್ತಾರೆಂಬ ಸಂಕೋಚ ಬೇಡ. ಕೆಲಸ ಬಲ್ಲವರಿಗೆ ಇಂಥ ಪ್ರಶ್ನೆ ಹಿತವಾಗಿಯೇ ಇರುತ್ತದೆ.

ಕಾಸರಗೋಡಿನ ಕನ್ನಡಿಗರು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ನಮ್ಮಲ್ಲಿ ಅನೇಕರ ಕರಾರುಪತ್ರ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಮಾತನಾಡಲು ಮಲಯಾಳ ಬರುತ್ತದೆ, ಓದಲು ಬರುವುದಿಲ್ಲ ಎನ್ನುವ ಹೆತ್ತವರು ನಮ್ಮ ಕನ್ನಡ ಶಾಲೆಗಳ ಸುತ್ತ ಎಷ್ಟು ಮಂದಿಯಿಲ್ಲ! ಓದಲಾಗದ ಕಾಗದಕ್ಕೆ ಸಹಿ ಹಾಕಿ, ಅದನ್ನು ಓದಿ ಹೇಳಲಾಗದ ವಕೀಲರನ್ನು ನೇಮಿಸಿಕೊಂಡರೆ ನಮ್ಮ ಪ್ರಕರಣ ನಮಗೇ ಪರಕೀಯವಾಗುತ್ತದೆ. “ಪ್ರತಿಯೊಂದು ಷರತ್ತನ್ನೂ ಕನ್ನಡದಲ್ಲಿ ವಿವರಿಸಿ, ನನ್ನ ಹೆಸರಿನಲ್ಲಿ ಸಲ್ಲಿಸುವ ದೂರನ್ನೂ ಓದಿ ಹೇಳಿ” ಎಂದು ಕೇಳುವುದು ಸೌಜನ್ಯದ ಕೊರತೆಯಲ್ಲ. ವಿಷಯ ಬಲ್ಲವರು ಒಬ್ಬರು, ಭಾಷೆ ಬಲ್ಲವರು ಇನ್ನೊಬ್ಬರು ಆಗಿದ್ದರೆ ಇಬ್ಬರನ್ನೂ ಜೊತೆಗೂಡಿಸಿಕೊಳ್ಳಬಹುದು.

ಹಣದ ಚಿಂತೆಯುಳ್ಳವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆ ಸ್ವತಃ ವಾದಿಸುವುದಕ್ಕೂ ಅವಕಾಶವಿದೆ.

ಅಂದು ಶಾಲೆಯ ಅಂಗಳದಲ್ಲಿ ಆ ಹೆತ್ತವರಿಗೆ ನಾನು ಹೇಳಿದ್ದು ಎರಡೇ ಮಾತು. ಗೋಡೆಗೆ ಗಾರೆ ಮೆತ್ತುವ ಮೊದಲು ದಿನಾಂಕ ಸಹಿತ ಚಿತ್ರ ತೆಗೆದಿಟ್ಟು, ಎಂಜಿನಿಯರರಿಂದ ವರದಿ ಬರೆಸಿ, ಗುತ್ತಿಗೆದಾರನಿಗೆ ನೋಂದಾಯಿತ ಅಂಚೆಯಲ್ಲಿ ನೋಟೀಸು ಕಳುಹಿಸಬೇಕು ಎಂಬುದು ಮೊದಲನೆಯದು. ಇಂಥ ಪ್ರಕರಣಗಳನ್ನು ನನಗಿಂತ ಹೆಚ್ಚು ನಡೆಸಿರುವ ಸಹೋದ್ಯೋಗಿಯೊಬ್ಬರ ಹೆಸರು ಎರಡನೆಯದು. “ನೀವೇ ಮಾಡಿಕೊಡಬಾರದೇ?” ಎಂದು ಅವರು ಬೇಸರಿಸಿದರು. ಕರಾರನ್ನು ಕನ್ನಡದಲ್ಲಿ ಓದಿ ವಿವರಿಸುವ ಕೆಲಸ ನನ್ನದಿರಲಿ ಎಂದೆ. ಮರುದಿನ ಸಂಜೆ ಕಾಗದಗಳೊಡನೆ ಕಚೇರಿಗೆ ಬಂದರು.