ಅಣಬೆಯ ಸಾರು

2023ರ ಬೇಸಿಗೆಯಲ್ಲಿ ಶಿಮ್ಲಾ ಪ್ರವಾಸದ ದಾರಿಯಲ್ಲಿ ಸೋಲನ್ ಪಟ್ಟಣದ ಶಾಕಾಹಾರಿ ಭೋಜನಾಲಯವೊಂದಕ್ಕೆ ಊಟಕ್ಕಿಳಿದಿದ್ದೆವು. ಬಟಾಣಿ ಬೆರೆಸಿದ ಪಲ್ಯವನ್ನು ಎರಡನೆಯ ಸಲ ಬಡಿಸಿಕೊಂಡ ಮೇಲೆ ವಿಚಾರಿಸಿದರೆ, ಅದು ಅಣಬೆ! ಕೈಯ ತುತ್ತು ಕ್ಷಣಕಾಲ ನಿಂತಿತು. ಅನಂತರ ಬಾಯಿಗೇ ಹೋಯಿತು. ಅಂದಿನಿಂದ ನಮಗೆ ಅದರ ರುಚಿ ಹತ್ತಿದೆ. ಸೋಲನ್ನಿಗೆ ಅಣಬೆಯ ನಗರವೆಂದೇ ಹೆಸರು. ಅಣಬೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ.

ಮಠದಲ್ಲಿ ಓದುವಾಗ ನಾವು ಅಣಬೆಯನ್ನು ಮಾಂಸದ ಸಾಲಿಗೆ ಸೇರಿಸಿದ್ದೆವು. ಅದು ಪ್ರಾಣಿಯಲ್ಲ, ಸಸ್ಯವೂ ಅಲ್ಲ. ಗೋಧಿಹುಲ್ಲಿನ ಗೊಬ್ಬರದಲ್ಲಿ ಬೆಳೆಸಬಹುದಾದ ಶಿಲೀಂಧ್ರ. ವ್ರತವುಳ್ಳವರು ಬಿಡಲಿ, ನಮ್ಮ ಆಕ್ಷೇಪವಿಲ್ಲ.

ಆದರೆ ಆ ದಿನ ನಮ್ಮನ್ನು ಕಾಡಿದ್ದು ಹಳೆಯದೊಂದು ಪ್ರಸಂಗ. 1991ರ ಮುಂಗಾರಿನಲ್ಲಿ ಮಲೆನಾಡಿನ ಭಕ್ತರ ಮನೆಯೊಂದರಲ್ಲಿ, ಹುತ್ತದ ಬಳಿ ಎದ್ದ ಅಣಬೆಯನ್ನು ಆರಿಸಿ ತಂದು ಸಾರು ಮಾಡಿ ಬಡಿಸಿದ ತಾಯಿಯೊಬ್ಬರೆದುರು ತಟ್ಟೆ ಸರಿಸಿದೆವು. ಇದು ಲಿಂಗಾರ್ಪಣೆಗೆ ಸಲ್ಲದೆಂದು ನಾಲ್ವರ ಮುಂದೆ ನುಡಿದೂಬಿಟ್ಟೆವು. ಅವರು ಮರುಮಾತಾಡದೆ ಮಜ್ಜಿಗೆ ತಂದಿಟ್ಟರು.

ಕಾಡಣಬೆಯನ್ನು ಬಲ್ಲವರೇ ಆರಿಸಬೇಕು. ಕೆಲವುಗಳ ವಿಷ ಬೇಯಿಸಿದರೂ ಹೋಗದು. ಆ ತಾಯಿ ಬಲ್ಲವರಾಗಿದ್ದರು. ಅವರು ಈಗಿಲ್ಲ. ಬರುವ ಮುಂಗಾರಿಗೆ ಬರುತ್ತೇವೆಂದೂ ಅದೇ ಸಾರು ಮಾಡಬೇಕೆಂದೂ ಅವರ ಸೊಸೆಗೆ ಪತ್ರ ಬರೆದಿದ್ದೇವೆ.